ಲ್ಯಾಪ್‌ಟಾಪ್ ಹೋದರೂ ಡೇಟಾ ಪರರ ಕೈಸೇರದಿರಲಿ

ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತುವಾಗ ಲ್ಯಾಪ್‌ಟಾಪ್ ಬ್ಯಾಗನ್ನು ಡಿಕ್ಕಿಗೆ ಹಾಕದೆ ತಲೆಯ ಹತ್ತಿರವೇ ಇಟ್ಟುಕೊಳ್ಳುತ್ತೇವೆ. ಒಳಗಿನ ಡೇಟಾದ ಮಾತು ಬಂದಾಗ ಮಾತ್ರ ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಎಂದು ಸುಮ್ಮನಾಗುತ್ತೇವೆ. ಅದು ಸಾಲದು. ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳ ತಳದ ಮುಚ್ಚಳ ತೆಗೆದರೆ ಫೈಲುಗಳಿರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಒಂದೇ ಸ್ಕ್ರೂ ಮೇಲೆ ನಿಂತಿರುತ್ತದೆ. ಅದನ್ನು ಕಳಚಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ, ಎನ್‌ಕ್ರಿಪ್ಟ್ ಆಗಿರದ (ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಗೆ ಬದಲಾಗಿರದ) ಫೈಲುಗಳೆಲ್ಲ ಪಾಸ್‌ವರ್ಡ್ ಕೇಳದೆಯೇ ತೆರೆದುಕೊಳ್ಳುತ್ತವೆ.

ಹಾಗಾಗಿ ಮೊದಲ ಕೆಲಸ ಎನ್‌ಕ್ರಿಪ್ಷನ್. ವಿಂಡೋಸ್ 11 ಹೋಮ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ'ಗೆ ಹೋಗಿ 'ಡಿವೈಸ್ ಎನ್‌ಕ್ರಿಪ್ಷನ್' ಆನ್ ಮಾಡಿ. ಪ್ರೊ ಇದ್ದರೆ ಬಿಟ್‌ಲಾಕರ್, ಮ್ಯಾಕ್ ಆದರೆ ಫೈಲ್‌ವಾಲ್ಟ್. ಡಿಸ್ಕ್ ತುಂಬಿದ್ದರೆ ಇದು ಗಂಟೆಗಟ್ಟಲೆ ಹಿಡಿಯಬಹುದು. ಚಾರ್ಜರ್ ಹಾಕಿ, ಹೊರಡುವ ಎರಡು ದಿನ ಮೊದಲೇ ಮುಗಿಸಿ.

ಜನ ಎಡವುವುದು ರಿಕವರಿ ಕೀ, ಅಂದರೆ ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯುವ ತುರ್ತು ಕೀಲಿಯ ವಿಷಯದಲ್ಲಿ. ಬಿಟ್‌ಲಾಕರ್‌ನ ಕೀ 48 ಅಂಕಿಗಳದ್ದು. ಬಯೋಸ್ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಾದಾಗ ನೀಲಿ ಪರದೆ ಬಂದು ಅದನ್ನೇ ಕೇಳಬಹುದು. ಕೀ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನವರೂ ಡಿಸ್ಕ್ ತೆರೆದುಕೊಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸೇವ್ ಆಗಿದೆಯೇ ಎಂದು ಕಣ್ಣಾರೆ ನೋಡಿ. ಕಾಗದದ ಮೇಲೂ ಬರೆದು ಮನೆಯಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಂತೂ ಬೇಡವೇ ಬೇಡ.

ಪ್ರಯಾಣದಲ್ಲಿ ಮುಚ್ಚಳ ಮಡಚಿದರೆ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿ ಎನ್‌ಕ್ರಿಪ್ಷನ್ ಕೀ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಉಳಿದಿರುತ್ತದೆ. ಲಾಗಿನ್ ಪಾಸ್‌ವರ್ಡ್ ಕೂಡ ಜನ್ಮದಿನಾಂಕವೋ 1234ನೋ ಆಗಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಬ್ಯಾಕಪ್ ಎರಡು ಕಡೆ ಇರಲಿ: ಒಂದು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ. ಕ್ಲೌಡ್ ಸಿಂಕ್ ಒಂದನ್ನೇ ನಂಬಬೇಡಿ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ ಫೈಲು ಅಲ್ಲಿಂದಲೂ ಅಳಿಯುತ್ತದೆ. ನಕಲು ಮಾಡಿದ ಮೇಲೆ ನಾಲ್ಕೈದು ಫೈಲು ತೆರೆದು ನೋಡಿ. ಹಾರ್ಡ್‌ಡಿಸ್ಕನ್ನು ಜೊತೆಗೆ ಒಯ್ಯಲೇಬೇಕಿದ್ದರೆ ಅದನ್ನೂ ಎನ್‌ಕ್ರಿಪ್ಟ್ ಮಾಡಿ, ಬೇರೆ ಬ್ಯಾಗಿನಲ್ಲಿಡಿ.

ವಿಮಾನ ನಿಲ್ದಾಣದ, ಹೋಟೆಲಿನ ವೈಫೈಗಿಂತ ಮೊಬೈಲ್ ಹಾಟ್‌ಸ್ಪಾಟ್ ವಾಸಿ.

ಲ್ಯಾಪ್‌ಟಾಪ್ ಮತ್ತು ಮೊಬೈಲ್ ಒಟ್ಟಿಗೇ ಹೋದರೆ ಒಟಿಪಿ ಬರುವುದಿಲ್ಲ, ನಿಮ್ಮ ಖಾತೆಗೆ ನೀವೇ ಹೋಗಲಾರಿರಿ. ಗೂಗಲ್ ಖಾತೆಯ ಎರಡು ಹಂತದ ಪರಿಶೀಲನೆಯಲ್ಲಿ ಒಟಿಪಿ ಬದಲು ಬಳಸಬಹುದಾದ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ. ಅವನ್ನು ಬರೆದು ಮನೆಯವರೊಬ್ಬರ ಬಳಿ ಕೊಟ್ಟಿರಿ.

ಕಳೆದೇ ಹೋದರೆ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್‌ಔಟ್ ಮಾಡಿ. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಆ ಇಮೇಲ್‌ಗೇ. ಎಲ್ಲೋ ಬಿಟ್ಟು ಬಂದಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಆನ್‌ಲೈನ್ ಸೇವೆಯಲ್ಲಿ ದಾಖಲಿಸಬಹುದು. ಕಳವಾಗಿದ್ದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ದೂರಿನಲ್ಲಿ ಬರೆಯಲು ಸೀರಿಯಲ್ ನಂಬರ್ ಬೇಕು, ತಳದ ಸ್ಟಿಕ್ಕರ್‌ನ ಫೋಟೊ ಹೊರಡುವ ಮೊದಲೇ ತೆಗೆದು ಮನೆಯವರಿಗೆ ಕಳಿಸಿರಿ.