ಇಂಗ್ಲೆಂಡಿನಲ್ಲಿ ಹಿರಿಯರು ಮನೆಯೊಳಗೆ ಬಿದ್ದರೆ ಯಾರಿಗೆ ಹೇಳಬೇಕು?

“ಸ್ವಲ್ಪ ಜಾರಿದೆ, ಏನೂ ಆಗಿಲ್ಲ” ಎಂದು ಅಮ್ಮ ಹೇಳಿದರೆ ಮಾತನ್ನು ಅಲ್ಲಿಗೇ ಬಿಡಬೇಡಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಮೂಳೆ ಮುರಿಯದಿದ್ದರೂ ಆ ವಿಷಯ ಜಿಪಿಗೆ (ಕುಟುಂಬ ವೈದ್ಯರಿಗೆ) ತಿಳಿಯಲೇಬೇಕು.

ಎಲ್ಲಿ, ಯಾವ ಹೊತ್ತಿನಲ್ಲಿ ಬಿದ್ದರು, ಏಳುವಾಗ ತಲೆ ಸುತ್ತಿತ್ತೇ ಎಂಬುದನ್ನು ಬರೆದುಕೊಂಡು ಹೋಗಿ. ಮಲಗಿದ್ದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡ ನೋಡಲು ಕೇಳಿ. ಊರಿನಿಂದ ತಂದ ಮಾತ್ರೆಗಳನ್ನೂ ಮರೆಯದೆ ತೋರಿಸಿ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದಲೇ ಎಷ್ಟೋ ಜನ ತೂರಾಡುತ್ತಾರೆ. ಇಂಗ್ಲಿಷ್ ಬಾರದವರು ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಮಕ್ಕಳ ಮುಂದೆ ಹೇಳದ ಮಾತು ಆಗ ಹೊರಬರುವುದುಂಟು. ಅರವತ್ತು ದಾಟಿದವರಿಗೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕಣ್ಣಿನ ಪರೀಕ್ಷೆಯೂ ಉಚಿತ.

ನಮ್ಮವರು ಹೆಚ್ಚಾಗಿ ಬಳಸಿಕೊಳ್ಳದಿರುವುದು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ನೆರವನ್ನು. 2014ರ ಕೇರ್ ಆ್ಯಕ್ಟ್ ಪ್ರಕಾರ, ನೆರವು ಬೇಕಾದಂತೆ ಕಾಣುವ ವಯಸ್ಕರ ಅಗತ್ಯಗಳನ್ನು ಕೌನ್ಸಿಲ್ ಪರಿಶೀಲಿಸಬೇಕು. ನಿಮ್ಮ ಆದಾಯ ಎಷ್ಟೇ ಇರಲಿ, ಈ ಪರಿಶೀಲನೆ ಉಚಿತ. ಸಾಮಾನ್ಯವಾಗಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳು ಸುಲಭವಾಗಲು ನೆರವಾಗುವ ತಜ್ಞರು) ಒಬ್ಬರು ಮನೆಗೆ ಬಂದು ಮೆಟ್ಟಿಲು, ಮಂಚ, ಶೌಚಾಲಯಗಳನ್ನು ನೋಡುತ್ತಾರೆ. ಆ ದಿನ ಹಿರಿಯರು ಬಿಗುಮಾನದಿಂದ ಚೆನ್ನಾಗಿಯೇ ನಡೆದು ತೋರಿಸುತ್ತಾರೆ. ದಯವಿಟ್ಟು ಹಾಗಾಗಲು ಬಿಡಬೇಡಿ. ರಾತ್ರಿ ಎದ್ದಾಗ ಗೋಡೆ ಹಿಡಿದು ನಡೆಯುವುದನ್ನೂ, ಸ್ನಾನಕ್ಕೆ ಹೆದರುವುದನ್ನೂ ಇದ್ದಂತೆಯೇ ಹೇಳಬೇಕು. ಅಗತ್ಯವೆಂದು ಕಂಡುಬಂದ ಹಿಡಿಕಂಬಿಯಂಥ 1,000 ಪೌಂಡ್‌ವರೆಗಿನ ಸಣ್ಣ ಮಾರ್ಪಾಡುಗಳಿಗೆ ಶುಲ್ಕವಿಲ್ಲ. ಸ್ನಾನಗೃಹವನ್ನೇ ಬದಲಿಸಬೇಕಾದರೆ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಎಂಬ ಕೌನ್ಸಿಲ್ ಅನುದಾನ ಇದೆ: ಗರಿಷ್ಠ 30,000 ಪೌಂಡ್. ಇದಕ್ಕೆ ಆದಾಯ, ಉಳಿತಾಯಗಳನ್ನು ನೋಡುತ್ತಾರೆ. ಬಾಡಿಗೆ ಮನೆಯವರೂ ಅರ್ಜಿ ಹಾಕಬಹುದು. ಮಂಜೂರಾಗುವ ಮೊದಲೇ ಕೆಲಸ ಶುರುಮಾಡಿದರೆ ಹಣ ಸಿಗದೇ ಹೋಗಬಹುದು.

ವಿಸಿಟರ್ ವೀಸಾದ ಮೇಲೆ ಬಂದ ಹೆತ್ತವರ ಸ್ಥಿತಿ ಬೇರೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನೀಡುವ ಚಿಕಿತ್ಸೆ ಎಲ್ಲರಿಗೂ ಉಚಿತವಾದರೂ, ವಾರ್ಡಿಗೆ ಸೇರಿಸಿದೊಡನೆ ಶುಲ್ಕ ಆರಂಭವಾಗುತ್ತದೆ. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ ತಪ್ಪುವುದು ಅಪರೂಪ. ವಿಮೆಯಿಲ್ಲದೆ ಅವರನ್ನು ಕರೆಸಿಕೊಳ್ಳಬೇಡಿ.

ಬಿದ್ದವರಿಗೆ ಸೊಂಟ ಅಥವಾ ಕತ್ತಿನಲ್ಲಿ ತೀವ್ರ ನೋವಿದ್ದರೆ ಎತ್ತಿ ಕೂರಿಸಲು ಹೋಗದೆ, ಬೆಚ್ಚಗೆ ಹೊದಿಸಿ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಮಾಡಿಕೊಂಡರೆ, ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಮಾಡಬೇಕೆಂದು ತಿಳಿಯದಿದ್ದಾಗ ಎನ್‌ಎಚ್‌ಎಸ್ ಸಲಹಾ ಸಂಖ್ಯೆ 111ಕ್ಕೆ ಕರೆ ಮಾಡಿದರೆ ಹಗಲುರಾತ್ರಿ ಸಲಹೆ ಸಿಗುತ್ತದೆ.