ಉಪ್ಪುಗಾಳಿಯ ಊರಿನಲ್ಲಿ ನಾಮಫಲಕದ ಕೆಲಸ: ನಾನೇ ಮಾಡಿಕೊಂಡ ಸಲಕರಣೆಗಳು

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯನ್ನು ನಾಮಫಲಕ ಮಾಡುವ ಕಾರ್ಯಾಗಾರವನ್ನಾಗಿ ಮಾಡಿಕೊಂಡಾಗ, ಇದ್ದ ಅಲ್ಪ ಬಂಡವಾಳವನ್ನು ಯಂತ್ರಗಳಿಗೆ ಹಾಕಬೇಕೋ ಸಾಮಗ್ರಿಗೆ ಹಾಕಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗಿತ್ತು. ಗಿರಾಕಿಯ ಗೋಡೆಯ ಮೇಲೆ ಹೋಗಿ ಕೂರುವ ಅಕ್ರಿಲಿಕ್, ಎಲ್‌ಇಡಿ, ಸ್ಟೇನ್‌ಲೆಸ್ ಸ್ಕ್ರೂಗಳಲ್ಲಿ ಜಿಪುಣತನ ಮಾಡಿದರೆ ಕಡಲಗಾಳಿ ಒಂದೇ ಮಳೆಗಾಲದಲ್ಲಿ ಅದನ್ನು ಊರಿಗೆಲ್ಲ ತೋರಿಸಿಬಿಡುತ್ತದೆ. ಕೊಟ್ಟಿಗೆಯೊಳಗೇ ಉಳಿಯುವ ಸಲಕರಣೆ ಹೇಗೆ ಕಾಣುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಅಕ್ಷರ ಕತ್ತರಿಸುವ ಬಿಸಿತಂತಿಯ ಮೇಜು, ಅಕ್ರಿಲಿಕ್ ಬಾಗಿಸುವ ಪಟ್ಟಿ, ಒಣಗಿಸುವ ಕಪಾಟು, ನಕಲು ತೆಗೆಯುವ ಗಾಜಿನ ಮೇಜು ಇವಿಷ್ಟನ್ನೂ ನಾನೇ ಮಾಡಿಕೊಂಡೆ. ಎಲ್ಲವಕ್ಕೂ ಸೇರಿ ತಗಲಿದ ಖರ್ಚು ಸ್ಟಿಕ್ಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಒಂದು ಪ್ಲಾಟರ್ ಯಂತ್ರದ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ಇವುಗಳ ಅಳತೆಯನ್ನು ನಿರ್ಧರಿಸಿದ್ದು ಕನ್ನಡ ಅಕ್ಷರ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ, ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು, ಅದೂ ಫಲಕದ ಮೇಲ್ಭಾಗದಲ್ಲಿರಬೇಕು ಎಂದಾದ ಮೇಲೆ, ಕೊಂಕಣಿ, ಮರಾಠಿ, ಇಂಗ್ಲಿಷುಗಳೆಲ್ಲ ಒಂದೇ ಬೀದಿಯಲ್ಲಿ ಕಾಣುವ ನಮ್ಮ ಈ ಗಡಿ ಊರಿನಲ್ಲಿ ಕನ್ನಡ ಅಕ್ಷರಗಳ ಕೆಲಸ ಹೆಚ್ಚಿತು. 8 ಅಡಿ ಅಗಲ, 4 ಅಡಿ ಎತ್ತರದ ಫಲಕವನ್ನು ಅಡ್ಡಲಾಗಿ ವಿಂಗಡಿಸಿದರೆ 48 ಇಂಚಿನ ಎತ್ತರದಲ್ಲಿ ಸುಮಾರು 29 ಇಂಚು ಕನ್ನಡಕ್ಕೆ ಬರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ ಇವೆಲ್ಲ ಸೇರಿ ಒಂದು ಅಡಿಯ ಮೂಲಾಕ್ಷರ ಸುಲಭವಾಗಿ ಒಂದೂವರೆ ಅಡಿ ದಾಟುತ್ತದೆ. ಅಂತಹ ತುಂಡನ್ನು ತಂತಿಯ ಸುತ್ತ ಪೂರ್ತಿಯಾಗಿ ತಿರುಗಿಸಲು ಎಡೆಯಿರಬೇಕಾದ್ದರಿಂದ, ಮಾರುಕಟ್ಟೆಯಲ್ಲಿ ಕೈಕೆಲಸದವರಿಗಾಗಿ ಸಿಗುವ ಪುಟ್ಟ ಕಟರ್ ನನಗೆ ಪ್ರಯೋಜನಕ್ಕೆ ಬರುವಂತಿರಲಿಲ್ಲ. ನನ್ನ ಮೇಜಿನಲ್ಲಿ ತಂತಿಗೂ ಹಿಂದಿನ ಕಂಬಕ್ಕೂ ನಡುವೆ 24 ಇಂಚು ಬಿಟ್ಟಿದ್ದೇನೆ.

ಬಿಸಿತಂತಿಯ ಮೇಜಿನ ರಚನೆ ಹೀಗಿದೆ. 18 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆಯ ಮೇಲೆ ಸನ್‌ಮೈಕಾ ಅಂಟಿಸಿದ್ದೇನೆ. ಥರ್ಮೊಕೋಲ್ ಅದರ ಮೇಲೆ ತಡೆಯಿಲ್ಲದೆ ಜಾರುತ್ತದೆ. ಹಲಗೆಯ ನಡುವೆ ಕೊರೆದ ಸಣ್ಣ ತೂತಿನ ಮೂಲಕ ತಂತಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಯುತ್ತದೆ. ಹಿಂದಿನ ಕಂಬ ಮತ್ತು ಅದರಿಂದ ಮುಂದಕ್ಕೆ ಚಾಚಿದ ತೋಳು ಹಳೆಯ ಬಾಗಿಲಿನ ಸಾಗವಾನಿ ಪಟ್ಟಿಗಳಿಂದ ಆಗಿವೆ. ತೋಳಿನ ತುದಿಯಲ್ಲಿ ಒಂದು ಸ್ಪ್ರಿಂಗ್ ಇರಲೇಬೇಕು, ಏಕೆಂದರೆ ತಂತಿ ಕಾದಾಗ ಉದ್ದವಾಗುತ್ತದೆ, ಸಡಿಲವಾದ ತಂತಿ ತಿರುವಿನಲ್ಲಿ ಹಿಂದೆ ಉಳಿದು ಅಕ್ಷರದ ಅಂಚನ್ನು ಹೊಟ್ಟೆ ಬಿಟ್ಟಂತೆ ಮಾಡುತ್ತದೆ. ತಂತಿಯು ಹಲಗೆಗೆ ಲಂಬವಾಗಿದೆಯೇ ಎಂಬುದನ್ನು ನಾನು ಪ್ರತಿ ಸಲವೂ ಬಡಗಿಯ ಮಟ್ಟಗೋಲಿನಿಂದ ಎರಡು ದಿಕ್ಕಿನಲ್ಲಿ ನೋಡಿಯೇ ಕೆಲಸ ಆರಂಭಿಸುತ್ತೇನೆ.

ತಂತಿ ನೈಕ್ರೋಮ್, ಅಂದರೆ ನಿಕಲ್-ಕ್ರೋಮಿಯಂ ಮಿಶ್ರಲೋಹದ್ದು, 28 ಗೇಜಿನದು (ಇಲ್ಲಿ ಹೇಳುವ ಗೇಜೆಲ್ಲ ಎಸ್‌ಡಬ್ಲ್ಯೂಜಿ, ಅಂದರೆ ಬ್ರಿಟಿಷ್ ಅಳತೆಯದು). ಇದರ ರೋಧ ಮೀಟರಿಗೆ ಸುಮಾರು 10 ಓಮ್ ಆದ್ದರಿಂದ ಅರ್ಧ ಮೀಟರಿಗೆ 5 ಓಮ್ ಬರುತ್ತದೆ. 12 ವೋಲ್ಟ್ ಕೊಟ್ಟರೆ 2.4 ಆಂಪಿಯರ್, 9 ವೋಲ್ಟ್ ಕೊಟ್ಟರೆ 1.8 ಆಂಪಿಯರ್ ಹರಿಯುತ್ತದೆ. ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡ್ ಮಾಡುವ ಅಂಕೋಲೆಯ ಹಿರಿಯರೊಬ್ಬರು 6, 9, 12 ವೋಲ್ಟುಗಳ ಮೂರು ತುದಿಗಳಿರುವ 3 ಆಂಪಿಯರಿನ ಟ್ರಾನ್ಸ್‌ಫಾರ್ಮರನ್ನು ಸುತ್ತಿಕೊಟ್ಟರು. ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: "ತಂತಿ ಕೆಂಪಾಗುದು ಬೇಡ ಮಾರಾಯಾ, ಕೆಂಪಾದ್ರೆ ಜಾಸ್ತಿ ಆಯ್ತು ಅಂತ ತಿಳ್ಕೋ." ಅದು ಅಕ್ಷರಶಃ ಸರಿ. ಥರ್ಮೊಕೋಲ್ ಕತ್ತರಿಸಲು ತಂತಿ ಹೊಳೆಯಬೇಕಾಗಿಲ್ಲ. ಬಿಸಿ ಹದವಾಗಿದ್ದರೆ ಕತ್ತರಿಸಿದ ಅಂಚಿನಲ್ಲಿ ಕೂದಲಿಗಿಂತ ಸಣ್ಣ ನೂಲಿನಂತಹ ಎಳೆಗಳು ಏಳುತ್ತವೆ, ಕೈಯಿಂದ ಸವರಿದರೆ ಉದುರಿಹೋಗುತ್ತವೆ. ಹೆಚ್ಚಾದರೆ ಅಂಚು ಕರಗಿ ಗಾಜಿನಂತೆ ಮಿರುಗುತ್ತದೆ, ಸೀಳು ಅಗಲವಾಗುತ್ತದೆ, ಹೊಗೆ ಬರುತ್ತದೆ. ಆ ಹೊಗೆಯಲ್ಲಿ ಸ್ಟೈರೀನ್ ಇರುವುದರಿಂದ ಕಿಟಕಿ ತೆರೆದು, ಹಿಂದಿನಿಂದ ಫ್ಯಾನ್ ಹಾಕಿಕೊಂಡೇ ಕೆಲಸ ಮಾಡಬೇಕು. ಸನ್‌ಬೋರ್ಡ್ ಎಂದು ಮಾರುವ ಪಿವಿಸಿ ಫೋಮ್ ಶೀಟನ್ನಂತೂ ಈ ತಂತಿಗೆ ತಾಗಿಸಲೇಬಾರದು, ಅದು ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದಕ್ಕೆ ಜಿಗ್‌ಸಾ ಗರಗಸವೇ ಸರಿ. ಟ್ರಾನ್ಸ್‌ಫಾರ್ಮರ್ ಉಳಿಸಲೆಂದು ಫ್ಯಾನ್ ರೆಗ್ಯುಲೇಟರಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವವರನ್ನು ನೋಡಿದ್ದೇನೆ. ಬರಿಮೈ ತಂತಿಯಲ್ಲಿ 230 ವೋಲ್ಟ್ ಇಟ್ಟುಕೊಂಡು ಅದರ ಎದುರು ಕೂರುವುದು ಉಳಿತಾಯವಲ್ಲ.

ನೈಕ್ರೋಮಿಗೆ ಬೆಸುಗೆ ಹಿಡಿಯುವುದಿಲ್ಲ. ವೈರಿಂಗ್‌ಗೆ ಬಳಸುವ ಕನೆಕ್ಟರ್ ಪಟ್ಟಿಯ ಪ್ಲಾಸ್ಟಿಕ್ ಸುಲಿದು, ಒಳಗಿನ ಹಿತ್ತಾಳೆಯ ತುಂಡಿನಲ್ಲಿ ನೈಕ್ರೋಮನ್ನೂ ತಾಮ್ರವನ್ನೂ ಸ್ಕ್ರೂ ಬಿಗಿದು ಸೇರಿಸಿದ್ದೇನೆ. ಕರೆಂಟ್ ಒಲೆಯ ಸುರುಳಿಯನ್ನು ಬಿಡಿಸಿ ಬಳಸಬಹುದು ಎನ್ನುತ್ತಾರೆ, ಆದರೆ ಆ ತಂತಿಯ ಅಲೆ ಎಷ್ಟು ಎಳೆದರೂ ಪೂರ್ತಿ ಹೋಗುವುದಿಲ್ಲ, ಅಂಚಿನಲ್ಲಿ ಅದರ ಗುರುತು ಉಳಿಯುತ್ತದೆ. ನೇರ ತಂತಿಯನ್ನೇ ಕೊಳ್ಳುವುದು ಲೇಸು.

ಅಕ್ಷರವನ್ನು ಕಂಪ್ಯೂಟರಿನ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಬಿಡಿಸಿ, ಪಿಡಿಎಫ್ ಮಾಡಿ, ಅಡೋಬ್ ರೀಡರಿನ ಪೋಸ್ಟರ್ ಮುದ್ರಣದಿಂದ ಎ4 ಹಾಳೆಗಳಲ್ಲಿ ತೆಗೆದು ಜೋಡಿಸುತ್ತೇನೆ. ಆ ಹಾಳೆಯನ್ನು ಸನ್‌ಮೈಕಾ ಚೂರಿಗೆ ಅಂಟಿಸಿ ಕತ್ತರಿಸಿ, ಅಂಚನ್ನು ನುಣ್ಣಗೆ ಉಜ್ಜಿದರೆ ಅದೇ ಅಚ್ಚು. ಥರ್ಮೊಕೋಲ್ ಮೇಲೆ ಗುಂಡುಸೂಜಿಯಿಂದ ನಿಲ್ಲಿಸಿ ತಂತಿಯನ್ನು ಅದರ ಅಂಚಿಗೆ ಒರಗಿಸಿಕೊಂಡು ಸುತ್ತಬೇಕು. ಬಳುಕುವ ಕನ್ನಡ ಅಕ್ಷರಗಳು ಈ ತಂತಿಗೆ ಹೇಳಿಮಾಡಿಸಿದಂತಿವೆ, ಏಕೆಂದರೆ ತಂತಿಗೆ ಕಷ್ಟವಾಗುವುದು ಚೂಪಾದ ಮೂಲೆ. ಅಲ್ಲಿ ಅರೆಗಳಿಗೆ ನಿಂತರೂ ಗುಳಿ ಬೀಳುತ್ತದೆ. ತೊಂದರೆ ಕೊಡುವವು ಮುಚ್ಚಿದ ವೃತ್ತಗಳು. ಸೊನ್ನೆಯ ಒಳಭಾಗಕ್ಕೆ ಹೋಗಲು ಒಂದು ಕಡೆ ಸೀಳಿಕೊಂಡೇ ಹೋಗಬೇಕು, ಆ ಸೀಳನ್ನು ಅಕ್ಷರದ ಕೆಳಬದಿಯಲ್ಲಿಟ್ಟು ಆಮೇಲೆ ಅಂಟಿನಿಂದ ಮುಚ್ಚಿದರೆ ಕಾಣುವುದಿಲ್ಲ. ಠ ಅಕ್ಷರದ ನಡುವಿನ ಚುಕ್ಕೆ ಯಾವುದಕ್ಕೂ ಅಂಟಿಕೊಂಡಿಲ್ಲದ್ದರಿಂದ ಅದನ್ನು ಬೇರೆಯಾಗಿ ಕತ್ತರಿಸಿ ಹಿಂಬದಿಯ ಹಲಗೆಗೇ ಕೂರಿಸಬೇಕು. ಮಹಾಪ್ರಾಣದ ಹೊಟ್ಟೆಸೀಳನ್ನು ಫಾಂಟಿನಲ್ಲಿದ್ದಷ್ಟೇ ತೆಳ್ಳಗೆ ಬಿಟ್ಟರೆ ಸಾಗಿಸುವಾಗಲೇ ಮುರಿಯುತ್ತದೆ. ನಾನು ಅದನ್ನು ಚಿತ್ರದಲ್ಲೇ ಸ್ವಲ್ಪ ದಪ್ಪ ಮಾಡಿಕೊಳ್ಳುತ್ತೇನೆ. ಬಣ್ಣದ ವಿಷಯದಲ್ಲಿ ಒಂದು ಮಾತು: ಆಯಿಲ್ ಪೇಂಟಿನ ತಿನ್ನರ್ ಥರ್ಮೊಕೋಲನ್ನು ತಿಂದುಹಾಕುತ್ತದೆ, ಆದ್ದರಿಂದ ನೀರಿನ ಎಮಲ್ಷನ್ನನ್ನೇ ಹಚ್ಚಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಸ್ವಾಗತ ಕಮಾನುಗಳಿಗೆ, ಮದುವೆ ಮಂಟಪಗಳಿಗೆ ಇಂತಹ ಅಕ್ಷರ ಸಾಕು. ಬಯಲಿನಲ್ಲಿ ಕಾಯಂ ನಿಲ್ಲುವ ಫಲಕಕ್ಕೆ ಥರ್ಮೊಕೋಲ್ ಒಪ್ಪಿಕೊಳ್ಳುವುದೇ ಇಲ್ಲ.

ಕಾಯಂ ಫಲಕಕ್ಕೆ ಬೇಕಾದದ್ದು ಅಕ್ರಿಲಿಕ್ಕಿನ ಪೆಟ್ಟಿಗೆ, ಅದಕ್ಕೆ ಬಾಗಿಸುವ ಪಟ್ಟಿ. ಮೂರು ಅಡಿಯ ಅಲ್ಯೂಮಿನಿಯಂ ಚಾನೆಲ್ಲಿನ ಒಳಗೆ ಸಿಮೆಂಟ್ ಬೋರ್ಡಿನ ಚೂರುಗಳ ಮೇಲೆ, ಲೋಹಕ್ಕೆ ಎಲ್ಲಿಯೂ ತಾಗದಂತೆ, 26 ಗೇಜಿನ ನೈಕ್ರೋಮ್ ತಂತಿಯನ್ನು ಎಳೆದಿದ್ದೇನೆ. ಮೀಟರಿಗೆ ಸುಮಾರು 6.7 ಓಮ್ ಲೆಕ್ಕದಲ್ಲಿ ಮೂರು ಅಡಿಗೆ ಸುಮಾರು 6 ಓಮ್. 24 ವೋಲ್ಟಿಗೆ 4 ಆಂಪಿಯರ್, ಅಂದರೆ ಸುಮಾರು 96 ವ್ಯಾಟ್. ಇಲ್ಲಿ ತಂತಿ ಕತ್ತಲಲ್ಲಿ ಮಂದವಾಗಿ ಕೆಂಪು ಕಾಣಬೇಕು. ಹಾಳೆ ತಂತಿಯಿಂದ ಒಂದು ಬೆರಳಿನಷ್ಟು ಮೇಲಿದ್ದು, ನಡುನಡುವೆ ಮಗುಚುತ್ತಿರಬೇಕು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ತೊಡಗಿದರೂ ಒತ್ತಡವಿಲ್ಲದೆ ಬಾಗುವುದು 150ರ ಆಸುಪಾಸಿನಲ್ಲಿ; ಅದಕ್ಕೆ ಮೊದಲೇ ಬಲವಂತ ಮಾಡಿದರೆ ಬಾಗುವುದೇನೋ ಬಾಗುತ್ತದೆ, ಆದರೆ ಒಳಗೆ ಉಳಿದ ಬಿಗಿತದಿಂದಾಗಿ ಅಂಟು ತಾಗಿದ ಕೂಡಲೇ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಬಾಗಿಸಿದ ಮೇಲೆ ಮರದ ಮೂಲೆಗೆ ಒತ್ತಿ, ಬೇಕಾದ ಕೋನಕ್ಕಿಂತ ತುಸು ಹೆಚ್ಚೇ ಮಡಿಸಿ, ತಣಿಯುವ ತನಕ ಹಿಡಿದಿರಬೇಕು.

ಕರಾವಳಿಯವರು ಹೆಚ್ಚಾಗಿ ಎದುರಿಸುವ ಸಂಗತಿಯೊಂದು ಇಲ್ಲಿದೆ. ಅಕ್ರಿಲಿಕ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗೆ ಒರಗಿಸಿಟ್ಟ ಹಾಳೆಯನ್ನು ಹಾಗೆಯೇ ಕಾಯಿಸಿದರೆ ಬಾಗಿದ ಗೆರೆಯುದ್ದಕ್ಕೂ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತವೆ, ಅವನ್ನು ಯಾವ ಪಾಲಿಶ್ ಕೂಡ ಅಳಿಸಲಾರದು. ಒಣ ಸೀಮೆಯಲ್ಲಿ ಇದೇ ಕೆಲಸ ಮಾಡುವವರಿಗೆ ಇದು ಅಷ್ಟಾಗಿ ಎದುರಾಗುವುದಿಲ್ಲ, ಹಾಗಾಗಿ ಅವರ ಸಲಹೆಗಳಲ್ಲೂ ಇದು ಬರುವುದಿಲ್ಲ. ಒಂದು ಹಳೆಯ ಮರದ ಕಪಾಟಿನ ಒಳಮೈಗೆ ಅಲ್ಯೂಮಿನಿಯಂ ಹಾಳೆ ಹೊಡೆದು, ತಳದಲ್ಲಿ ಹಳೆಯ ಕಾಲದ 100 ವ್ಯಾಟಿನ ಎರಡು ಬಲ್ಬುಗಳನ್ನು ಕೂರಿಸಿ, ಮೇಲೂ ಕೆಳಗೂ ಗಾಳಿಯಾಡಲು ತೂತು ಕೊರೆದು ಒಣಗಿಸುವ ಕಪಾಟು ಮಾಡಿದ್ದೇನೆ. ಬಾಗಿಸಬೇಕಾದ ತುಂಡುಗಳನ್ನು ಅಳತೆಗೆ ಕತ್ತರಿಸಿ, ಮೇಲಿನ ರಕ್ಷಕ ಕಾಗದವನ್ನು ಸುಲಿದು, ಇಡೀ ರಾತ್ರಿ ಅದರಲ್ಲಿ ನಿಲ್ಲಿಸುತ್ತೇನೆ. ಕ್ಲೋರೋಫಾರ್ಮಿನಿಂದ ಅಂಟಿಸುವ ಕೆಲಸವನ್ನೂ ತೇವದ ದಿನಗಳಲ್ಲಿ ಆ ಕಪಾಟಿನಿಂದ ಆಗಷ್ಟೇ ತೆಗೆದ ಬೆಚ್ಚಗಿನ ತುಂಡುಗಳ ಮೇಲೆಯೇ ಮಾಡುತ್ತೇನೆ, ಇಲ್ಲವಾದರೆ ದ್ರಾವಕ ಬೇಗ ಆರುವಾಗ ಜಾಗ ತಣ್ಣಗಾಗಿ, ಗಾಳಿಯ ನೀರು ಅಲ್ಲಿ ಕೂತು, ಬೆಸುಗೆಯ ಗೆರೆ ಬೆಳ್ಳಗಾಗುತ್ತದೆ. ಕರೆಂಟ್ ಹೋದ ದಿನ ಈ ಕೆಲಸಗಳನ್ನು ಮುಟ್ಟುವುದಿಲ್ಲ.

ಗಾಜಿನ ಮೇಜಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ಹಳೆಯ ಕಿಟಕಿಯ ಗಾಜು, ಕೆಳಗೆ ಟ್ಯೂಬ್‌ಲೈಟ್, ನಡುವೆ ಟ್ರೇಸಿಂಗ್ ಕಾಗದ. ಅದಕ್ಕಿಂತ ಉಪಯುಕ್ತವಾದದ್ದು ಅಕ್ಕನ ಹೊಲಿಗೆ ಯಂತ್ರ. ಗೋಡೆಯ ಮೇಲೆ ಬಣ್ಣದಿಂದಲೇ ಬರೆಯುವ ಕೆಲಸ ಬಂದಾಗ, ಅಕ್ಷರದ ಹಾಳೆಯನ್ನು ದಾರವಿಲ್ಲದ, ಹಳೆಯ ಸೂಜಿ ಹಾಕಿದ ಯಂತ್ರದಲ್ಲಿ ಗೆರೆಗುಂಟ ಓಡಿಸಿದರೆ ಸಮ ಅಂತರದ ತೂತುಗಳು ಬೀಳುತ್ತವೆ. ಆ ಹಾಳೆಯನ್ನು ಗೋಡೆಗೆ ಅಂಟಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ ಕೆಮ್ಮಣ್ಣಿನ ಪುಡಿಯನ್ನು ಮೇಲಿನಿಂದ ತಟ್ಟಿದರೆ ಬಿಳಿ ಗೋಡೆಯಲ್ಲಿ ಅಕ್ಷರ ಚುಕ್ಕೆ ಚುಕ್ಕೆಯಾಗಿ ಮೂಡುತ್ತದೆ. ನಮ್ಮ ಕರಾವಳಿಯ ದೇವಸ್ಥಾನಗಳ ಗೋಡೆಗಳಿಗೆ ಕಾವಿ ಚಿತ್ರ ತಂದ ಆ ಕೆಂಪು ಬಣ್ಣ ಬಿಳಿ ಗೋಡೆಯ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆಂಬುದನ್ನು ಹೇಳಬೇಕಾಗಿಲ್ಲ. ಬರೆಯುವಾಗ ಕೈ ಆನಿಸಿಕೊಳ್ಳುವ ಕೋಲು ಶಿರಸಿಯ ಕಡೆಯಿಂದ ತಂದ ಅಡಿಕೆ ದಬ್ಬೆಯದು, ತುದಿಗೆ ಬಟ್ಟೆಯ ಉಂಡೆ ಕಟ್ಟಿದೆ. ಹಗುರವಾಗಿದೆ, ಬಳುಕುವುದಿಲ್ಲ.

ಮನೆಯಲ್ಲಿ ಮಾಡಬಾರದೆಂದು ಬಿಟ್ಟವೂ ಇವೆ. ಹಳೆಯ ಫ್ರಿಜ್ಜಿನ ಕಂಪ್ರೆಸರಿಗೆ ಗುಜರಿಯ ಸಿಲಿಂಡರ್ ಜೋಡಿಸಿ ಸ್ಪ್ರೇ ಮಾಡುವವರಿದ್ದಾರೆ. ಇಲ್ಲಿಯ ಗಾಳಿಯನ್ನು ಒತ್ತಿ ತುಂಬಿದರೆ ತೊಟ್ಟಿಯ ತಳದಲ್ಲಿ ನೀರು ನಿಲ್ಲುತ್ತದೆ, ಒಳಗಿನಿಂದ ತುಕ್ಕು ತಿನ್ನುವುದು ಹೊರಗೆ ಕಾಣುವುದಿಲ್ಲ. ಆದ್ದರಿಂದ ಕಂಪ್ರೆಸರನ್ನು ಕೊಂಡೇ ತಂದೆ, ಪ್ರತಿದಿನ ಸಂಜೆ ತೊಟ್ಟಿಯ ನೀರನ್ನು ಬಿಡುತ್ತೇನೆ. ಎಲ್‌ಇಡಿಗೆ ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಕೂಡ ಕೊಂಡದ್ದೇ. 60 ವ್ಯಾಟಿನದಕ್ಕೆ 48 ವ್ಯಾಟಿಗಿಂತ ಹೆಚ್ಚು ಹೊರೆ ಹಾಕುವುದಿಲ್ಲ. ಪೆಟ್ಟಿಗೆಯ ತಳಕ್ಕೆ ನೀರಿಳಿಯಲು ತೂತು, ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್, ಸ್ಕ್ರೂವಿನ ತೂತುಗಳು ತುಸು ಸಡಿಲ, ಏಕೆಂದರೆ 8 ಅಡಿಯ ಅಕ್ರಿಲಿಕ್ 20 ಡಿಗ್ರಿ ಬಿಸಿ ಏರಿದರೆ ಮೂರು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ.

ನನ್ನ ಬಾಗಿಸುವ ಪಟ್ಟಿಗೆ ಮೂರು ಅಡಿಯ ಮಿತಿಯಿದೆ. ಹಾಳೆಯ ಪೂರ್ತಿ ಅಗಲವಾದ ನಾಲ್ಕು ಅಡಿಗೆ ಮಾಡಿಕೊಳ್ಳುವವರು ಅದೇ 24 ವೋಲ್ಟಿಗೆ ಉದ್ದ ತಂತಿ ಜೋಡಿಸಿದರೆ ಸಾಲದು: ರೋಧ ಸುಮಾರು 8 ಓಮಿಗೆ ಏರಿ, ಕರೆಂಟ್ 3 ಆಂಪಿಯರಿಗೆ ಇಳಿದು, ಹಾಳೆ ಕಾಯುವುದೇ ಇಲ್ಲ. ಅದೇ 4 ಆಂಪಿಯರ್ ಹರಿಯಲು 32 ವೋಲ್ಟ್ ಬೇಕು, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗಲೇ 24, 28, 32 ಎಂದು ಮೂರು ತುದಿಗಳನ್ನು, 5 ಆಂಪಿಯರಿನ ಫ್ಯೂಸನ್ನು ಕೇಳಿ ಇರಿಸಿಕೊಳ್ಳುವುದು, ಕಾದಾಗ ಒಂದು ಸೆಂಟಿಮೀಟರ್ ಹತ್ತಿರ ಉದ್ದವಾಗುವ ಆ ತಂತಿಗೆ ತಕ್ಕಂತೆ ಉದ್ದನೆಯ ಸ್ಪ್ರಿಂಗನ್ನು ಬಿಸಿ ತಾಗದಷ್ಟು ಹೊರಗೆ ಕೂರಿಸುವುದು ಒಳ್ಳೆಯದು.