ಹೊಸ ಮಾತ್ರೆ ಬರೆಯುವ ಮುನ್ನ ಹಳೆಯದನ್ನು ಎಣಿಸಿ

ವೃದ್ಧರ ಆರೈಕೆ ಕೇಂದ್ರದಲ್ಲಿರುವ 82 ವರ್ಷದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಬಿಪಿಗೆಂದು ಆಮ್ಲೊಡಿಪಿನ್ ಶುರುವಾಯಿತು. ಕೆಲವು ವಾರಗಳಲ್ಲಿ ಕಾಲು ಊದಿಕೊಂಡಿತು. ಊತ ಇಳಿಯಲಿ ಎಂದು ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಬಂತು. ಈಗ ಅಜ್ಜಿ ಮೇಲಿಂದ ಮೇಲೆ ಬಾತ್‌ರೂಮಿಗೆ ಓಡಬೇಕು, ಒಮ್ಮೊಮ್ಮೆ ತಲುಪುವ ಮೊದಲೇ ಬಟ್ಟೆ ಒದ್ದೆ. ಅದಕ್ಕೆ ಆಕ್ಸಿಬ್ಯುಟಿನಿನ್. ಬಾಯಿ ಒಣಗಿತು, ಮಲ ಕಟ್ಟಿತು, ರಾತ್ರಿ ಏನೇನೋ ಮಾತಾಡತೊಡಗಿದರು. ‘ಮರೆವಿನ ಕಾಯಿಲೆ ಜಾಸ್ತಿಯಾಗಿದೆ’ ಎಂದು ಕ್ವೆಟಿಯಾಪಿನ್ ಸೇರಿತು. ಒಂದು ರಾತ್ರಿ ಮಂಪರಿನಲ್ಲಿ ಎದ್ದವರು ಬಿದ್ದರು. ಸೊಂಟದ ಮೂಳೆ ಮುರಿಯಿತು.

ಒಂದೊಂದೇ ಚೀಟಿ ನೋಡಿದರೆ ಯಾರ ತಪ್ಪೂ ಕಾಣುವುದಿಲ್ಲ. ಪ್ರತಿ ತೊಂದರೆಗೂ ಒಂದು ಔಷಧಿ ಸಿಕ್ಕಿದೆ. ಆದರೆ ಈ ಊತ ಮೊದಲ ಮಾತ್ರೆಯದ್ದೇ ಅಲ್ವಾ ಎಂದು ಯಾರೂ ಕೇಳಲಿಲ್ಲ. ಒಂದು ಮಾತ್ರೆಯ ಅಡ್ಡಪರಿಣಾಮವನ್ನೇ ಹೊಸ ಕಾಯಿಲೆ ಎಂದುಕೊಂಡು ಇನ್ನೊಂದು ಮಾತ್ರೆ ಬರೆಯುವ ಈ ಸರಪಳಿಗೆ ವೈದ್ಯರು ‘ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್’ ಎನ್ನುತ್ತಾರೆ. ಅದನ್ನು ತಡೆಯುವ ಹಂತಗಳು ಇಲ್ಲಿವೆ. ಚೀಟಿ ಬರೆಯುವವರಿಗಷ್ಟೇ ಅಲ್ಲ, ಮಾತ್ರೆ ಕೊಡುವ ನರ್ಸಿಗೂ ನೋಡಲು ಬರುವ ಮಕ್ಕಳಿಗೂ ಇವು ಬೇಕಾಗುತ್ತವೆ. ಮಕ್ಕಳಿಗೆ ಒಂದೇ ಷರತ್ತು: ಪ್ರಶ್ನೆ ಕೇಳಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಹಂತ 1: ಎಲ್ಲವನ್ನೂ ಮೇಜಿನ ಮೇಲೆ ಸುರಿಯಿರಿ

ಕಡತದಲ್ಲಿರುವ ಪಟ್ಟಿಯನ್ನು ನಂಬಿ ಕೂರಬೇಡಿ. ಮಾತ್ರೆ, ಸಿರಪ್, ಕಣ್ಣಿನ ಹನಿ, ಮುಲಾಮು, ಮನೆಯವರು ತಂದುಕೊಟ್ಟ ಗಿಡಮೂಲಿಕೆ ಪುಡಿ, ‘ಬೇಕಾದಾಗ ಮಾತ್ರ’ ಎಂದು ಇಟ್ಟ ನೋವಿನ ಮಾತ್ರೆ ಎಲ್ಲವೂ ಎದುರಿಗೆ ಬರಲಿ. ಕಣ್ಣಿನ ಹನಿ ಯಾಕೆ ಅಂತೀರಾ? ಕಣ್ಣಿನೊಳಗಿನ ಒತ್ತಡ ಹೆಚ್ಚುವ ಗ್ಲಾಕೋಮಾ ಕಾಯಿಲೆಗೆ ಹಾಕುವ ಟಿಮೊಲಾಲ್ ರಕ್ತಕ್ಕೆ ಸೇರಿ ನಾಡಿಬಡಿತವನ್ನೇ ನಿಧಾನ ಮಾಡಬಲ್ಲದು.

ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ. ಯಾವುದಕ್ಕೆ? ಯಾವಾಗಿನಿಂದ? ಎಲ್ಲಿಯವರೆಗೆ? ‘ಯಾವುದಕ್ಕೆ’ ಎಂಬಲ್ಲಿ ಖಾಲಿ ಉಳಿದ ಮಾತ್ರೆಯಿಂದಲೇ ಪರಿಶೀಲನೆ ಶುರುವಾಗಲಿ. ಯಾವತ್ತೋ ಆಸ್ಪತ್ರೆಯಲ್ಲಿದ್ದಾಗ ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ಸುಮ್ನೆ ನಡೆದುಕೊಂಡು ಬಂದಿರುವುದು ಇಲ್ಲಿ ಸಿಕ್ಕಿಬೀಳುತ್ತದೆ.

ಇದು ಅತಿಯಾಯಿತು ಅನಿಸಿದರೆ ಕೇಳಿ. ಇಂಗ್ಲೆಂಡಿನ 55 ಆರೈಕೆ ಕೇಂದ್ರಗಳಲ್ಲಿ 256 ವೃದ್ಧರ ಔಷಧಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರು ಸರಾಸರಿ 8 ಔಷಧಿ ತೆಗೆದುಕೊಳ್ಳುತ್ತಿದ್ದರು. ಹತ್ತರಲ್ಲಿ ಸುಮಾರು ಏಳು ಮಂದಿಯ ವಿಷಯದಲ್ಲಿ ಬರೆಯುವಾಗಲೋ, ಕೊಡುವಾಗಲೋ, ಪರೀಕ್ಷೆ ಮಾಡಿಸುವುದರಲ್ಲೋ ಕನಿಷ್ಠ ಒಂದು ತಪ್ಪು ಸಿಕ್ಕಿತ್ತು.

ಹಂತ 2: ಕಿಡ್ನಿಯ ಲೆಕ್ಕ ಹಾಕಿ

‘ಕ್ರಿಯಾಟಿನಿನ್ 1.0, ನಾರ್ಮಲ್’ ಎಂದು ರಿಪೋರ್ಟ್ ಮಡಿಚಿಡುವುದು ತುಂಬ ಸಾಮಾನ್ಯವಾದ ಎಡವಟ್ಟು. ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ; ಅದು ಹುಟ್ಟುವುದು ಸ್ನಾಯುಗಳಲ್ಲಿ. ವಯಸ್ಸಾದವರಲ್ಲಿ ಸ್ನಾಯು ಕರಗಿರುತ್ತದೆ, ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ.

ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸಬಲ್ಲದು ಎಂದು ಅಂದಾಜಿಸಲು 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. 140ರಿಂದ ವಯಸ್ಸು ಕಳೆಯಿರಿ, ಕಿಲೋ ತೂಕದಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದದ್ದರಿಂದ ಮೊದಲಿನ ಉತ್ತರವನ್ನು ಭಾಗಿಸಿ. ಹೆಂಗಸರಾದರೆ ಉತ್ತರವನ್ನು 0.85ರಿಂದ ಗುಣಿಸಿ. ನಮ್ಮ ಅಜ್ಜಿಯ ತೂಕ 45 ಕಿಲೋ, ಕ್ರಿಯಾಟಿನಿನ್ ಅದೇ 1.0 ಎಂದುಕೊಳ್ಳಿ. 58 ಗುಣಿಸು 45 ಎಂದರೆ 2,610. ಅದನ್ನು 72ರಿಂದ ಭಾಗಿಸಿ 0.85ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 31 ಮಿ.ಲೀ. ‘ನಾರ್ಮಲ್’ ಎಂದುಕೊಂಡ ಕಿಡ್ನಿಯ ಅಸಲಿ ಶಕ್ತಿ ಅಷ್ಟೇ! ನರನೋವಿನ ಗ್ಯಾಬಪೆಂಟಿನ್, ಹೃದಯದ ಡಿಗಾಕ್ಸಿನ್, ಹಲವು ಆಂಟಿಬಯಾಟಿಕ್‌ಗಳ ಡೋಸ್ ತೀರ್ಮಾನಿಸುವಾಗ ನೋಡಬೇಕಾದ ಅಂಕಿ ಇದು. ತೂಕ ಮಾತ್ರ ಈ ತಿಂಗಳದ್ದಾಗಿರಲಿ, ಸೇರಿದ ದಿನದ್ದಲ್ಲ.

ಹಂತ 3: ಗುಮಾನಿ ಪಟ್ಟಿ ತೆರೆಯಿರಿ

ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ವೃದ್ಧರಿಗೆ ಸರಿಹೋಗದ ಔಷಧಿಗಳ ಪಟ್ಟಿ ಮಾಡಿದರು. ಅದು ಮೊದಲು ತಯಾರಾದದ್ದೇ ಆರೈಕೆ ಕೇಂದ್ರದವರಿಗಾಗಿ. ಬಿಯರ್ಸ್ ಪಟ್ಟಿ 2023ರಲ್ಲೂ ಪರಿಷ್ಕರಣೆಯಾಗಿದೆ. ಪೂರ್ತಿ ಪಟ್ಟಿ ಉದ್ದವಿದೆ. ಪದೇ ಪದೇ ಎದುರಾಗುವವರನ್ನಷ್ಟೇ ನೋಡೋಣ.

ಮೊದಲನೆಯದು, ಬಾಯಿ ಒಣಗಿಸುವ ಗುಂಪು. ಆಕ್ಸಿಬ್ಯುಟಿನಿನ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಎಲ್ಲವೂ ಇಲ್ಲಿಯವೇ. ಮಲ ಕಟ್ಟುವುದು, ಮೂತ್ರ ನಿಲ್ಲುವುದು, ಮನಸ್ಸು ಗೊಂದಲಕ್ಕೆ ಬೀಳುವುದು ಇವುಗಳ ಕೆಲಸ. ಮರೆವಿನ ಕಾಯಿಲೆಗೆ ಡೊನೆಪಿಜಿಲ್ ಕೊಟ್ಟು, ಅದರಿಂದ ಮೂತ್ರ ಸೋರಿತೆಂದು ಆಕ್ಸಿಬ್ಯುಟಿನಿನ್ ಕೊಟ್ಟರೆ ಒಂದು ಕೈಯಲ್ಲಿ ನೀರು ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲಿದಂತೆ. ಎರಡರ ಕೆಲಸವೂ ಒಂದಕ್ಕೊಂದು ವಿರುದ್ಧ.

ಎರಡನೆಯದು, ನಿದ್ದೆ ಮಾತ್ರೆ. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಡಯಾಜೆಪಾಮ್‌ನಂಥವು ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತವೆ. ನಿನ್ನೆ ರಾತ್ರಿಯ ಮಾತ್ರೆಗೆ ಇವತ್ತು ಮಧ್ಯಾಹ್ನ ಕಾಲು ತಡವರಿಸುತ್ತದೆ.

ಶುಗರ್ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೇಡವೇ ಬೇಡ. ಊಟ ಒಂದಿಷ್ಟು ಕಡಿಮೆಯಾದರೂ ಅದು ಶುಗರ್ ಅನ್ನು ಕೆಳಗಿಳಿಸಿ, ಗಂಟೆಗಟ್ಟಲೆ ಅಲ್ಲೇ ಹಿಡಿದಿಡುತ್ತದೆ. ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲವು. ಬಿಪಿಯ ಎನಾಲಪ್ರಿಲ್ ಮತ್ತು ಫ್ಯೂರೋಸೆಮೈಡ್ ಜೊತೆಗೆ ಇವೂ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು.

ಇನ್ನು ಮನೋರೋಗಕ್ಕೆ ಕೊಡುವ ಕ್ವೆಟಿಯಾಪಿನ್, ಒಲಾಂಜಪಿನ್, ಹಾಲೊಪೆರಿಡಾಲ್. ಮರೆವಿನ ಕಾಯಿಲೆಯವರು ಕೂಗಾಡಿದಾಗ ಇವುಗಳ ಕಡೆ ಕೈ ಹೋಗುವುದು ನನಗೆ ಅರ್ಥವಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇದ್ದರೆ ಇನ್ನೇನು ಮಾಡಿಯಾರು? ಆದರೂ ಇವು ಮರೆವಿನ ಕಾಯಿಲೆಯ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಮಾದರಿಯವುಗಳ ಬಗ್ಗೆ, 2008ರಲ್ಲಿ ಹಳೆಯವುಗಳ ಬಗ್ಗೆ ಎಚ್ಚರಿಸಿದೆ. ಆದ್ದರಿಂದ ಮೊದಲು ಕಾರಣ ಹುಡುಕಿ. ಎಲ್ಲಾದರೂ ನೋವಿದೆಯೇ? ಮಲ ಕಟ್ಟಿದೆಯೇ? ಮೂತ್ರ ನಿಂತಿದೆಯೇ? ಕಿವಿಯ ಮಷೀನಿನ ಬ್ಯಾಟರಿ ಮುಗಿದಿದೆಯೇ? ಕಳೆದ ವಾರ ಹೊಸ ಮಾತ್ರೆ ಸೇರಿದೆಯೇ? ಇಷ್ಟಾದ ಮೇಲೂ ತಮಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ ಅತಿ ಸಣ್ಣ ಡೋಸ್, ಕೆಲವೇ ದಿನ, ಮರುಪರಿಶೀಲನೆಯ ತಾರೀಖಿನ ಸಮೇತ.

ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದೇ ಆಂಟಿಬಯಾಟಿಕ್ ಬರೆಯುವುದೂ ಬೇಡ. ಜ್ವರ, ಉರಿ, ನೋವು ಏನೂ ಇಲ್ಲದ ವೃದ್ಧರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುವುದು ಮಾಮೂಲು.

ಹಂತ 4: ಸೇರಿಸುವಾಗ ಒಂದು, ತೆಗೆಯುವಾಗಲೂ ಒಂದು

ಸಣ್ಣ ಡೋಸಿನಿಂದ ಶುರುಮಾಡಿ, ನಿಧಾನವಾಗಿ ಏರಿಸಿ. ಒಂದೇ ದಿನ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ನಿಲ್ಲಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕು. ನಿದ್ದೆ ಮಾತ್ರೆ, ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆ, ಬಹುದಿನದ ಸ್ಟೀರಾಯ್ಡ್, ಫಿಟ್ಸ್ ಮಾತ್ರೆ, ಪಾರ್ಕಿನ್‌ಸನ್‌ಗೆ ಕೊಡುವ ಲೆವೊಡೊಪಾ, ಖಿನ್ನತೆಯ ಮಾತ್ರೆ, ಇವನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತ ಬರಬೇಕು.

ಕಡಿಮೆ ಮಾಡುವುದೇ ಗುರಿ ಅಂತೇನಲ್ಲ. ಬೇಕಾದದ್ದು ಬಿಟ್ಟುಹೋಗಿರುವುದೂ ತಪ್ಪೇ. ನೋವಿಗೆ ಕೊಡುವ ಮಾರ್ಫಿನ್ ಮಲ ಕಟ್ಟಿಸುತ್ತದೆ, ಹಾಗಾಗಿ ಅದನ್ನು ಬರೆದವರು ಮಲ ಸಡಿಲಿಸುವ ಔಷಧಿಯನ್ನೂ ಬರೆಯಬೇಕು. ಮಾತು ಬಾರದವರಿಗೆ ನೋವೇ ಇಲ್ಲ ಎಂದುಕೊಳ್ಳಬಾರದು.

ಹಂತ 5: ಬಾಯಿಗೆ ಹೋಗುವವರೆಗೂ ಹಿಂಬಾಲಿಸಿ

ನುಂಗಲಾಗದವರಿಗೆ ಮಾತ್ರೆ ಕುಟ್ಟಿ ಕೊಡುವುದು ರೂಢಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಡೋಸ್ ಒಂದೇ ಏಟಿಗೆ ಒಳಹೋಗುತ್ತದೆ. ಸಿರಪ್ ರೂಪ ಸಿಗುತ್ತದೆಯೇ ಎಂದು ಫಾರ್ಮಸಿಸ್ಟ್ ಬಳಿ ಕೇಳಿ. ಮೂಳೆಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಲೋಟ ತುಂಬ ನೀರಿನಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಹಾಗೆ ಕೂರಲಾಗದವರಿಗೆ ಅದನ್ನು ಬರೆಯಲೇಬಾರದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ 4 ಗಂಟೆ ಅಂತರವಿರಲಿ.

ಹಂತ 6: ಬದಲಾವಣೆಯ ನಂತರ ನೋಡಿ, ಬರೆದಿಡಿ

ಬಿಪಿಯನ್ನು ಮಲಗಿದ್ದಾಗ ನೋಡಿ. ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯವಿದೆ ಎಂದೇ ಅರ್ಥ. ತೂಕ, ಊಟ, ಮಲವಿಸರ್ಜನೆ, ಹಗಲು ತೂಕಡಿಕೆ ಕೂಡ ದಾಖಲಾಗಲಿ.

ಆಸ್ಪತ್ರೆಯಿಂದ ಮರಳಿದ ದಿನ ಹಳೆಯ ಪಟ್ಟಿಯನ್ನೂ ಡಿಸ್‌ಚಾರ್ಜ್ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ನಿಲ್ಲಿಸಿದ ಮಾತ್ರೆಯನ್ನು ಸುಮ್ನೆ ಹೊಡೆದುಹಾಕಬೇಡಿ. ‘ಆಮ್ಲೊಡಿಪಿನ್, ಕಾಲು ಊತ ಬಂತು, ನಿಲ್ಲಿಸಿದೆ’ ಎಂದು ತಾರೀಖು ಹಾಕಿ ಬರೆಯಿರಿ. ಇಲ್ಲದಿದ್ದರೆ ಮುಂದಿನ ತಿಂಗಳು ಬರುವ ಬೇರೆ ಡಾಕ್ಟರ್ ಬಿಪಿ ನೋಡಿ ಅದನ್ನೇ ಮತ್ತೆ ಬರೆದಾರು.